ಲೈಟ್ ಡಾಕ್ಟರ ಮೂಗು

ನಮ್ಮ ರಸ್ತೆಯಲ್ಲಿ ನನಗಿಟ್ಟ ಹೆಸರು ಲೈಟ್ ಡಾಕ್ಟ್ರು. ಡಾಕ್ಟ್ರು ಅಂದ ಕೂಡಲೇ ಎದ್ದು ನಿಲ್ಲಬೇಡಿ. ಮೈತುಂಬ ಗ್ರೀಸು, ಉಗುರಿನ ಸಂದಿಯಲ್ಲಿ ಮಸಿ, ತಗಡಿನ ಶೆಡ್ಡಿನಲ್ಲಿ ಗಾಡಿಗಳ ಕೆಳಗೆ ಅಂಗಾತ ಮಲಗಿ ಸೈಲೆನ್ಸರ್ ಪೈಪು ನೋಡುತ್ತಾ ಇಪ್ಪತ್ತಾರು ವರ್ಷ ಕಳೆದ ಮನುಷ್ಯ ನಾನು. ಕಾರಿನಲ್ಲಿ ಹಳದಿ ಇಂಜಿನ್ ಲೈಟು ಹತ್ತಿಕೊಂಡರೆ ಜನ ನನ್ನ ಹತ್ತಿರ ಬರುತ್ತಿದ್ದರು, ನಾನು ಅದನ್ನು ಆರಿಸಿ ಕಳಿಸುತ್ತಿದ್ದೆ. ಲೈಟು ಯಾಕೆ ಹತ್ತಿತು ಎಂದು ತಿಳಿಯಬೇಕಾದವರು ಬೇರೆ ಕಡೆ ಹೋಗುತ್ತಿದ್ದರು. ಆರಿದರೆ ಸಾಕಪ್ಪಾ ಅನ್ನುವವರೆಲ್ಲ ನನ್ನ ಗಿರಾಕಿಗಳು. ಅಂಥವರಿಗೇನು ಬರವೇ? ಬೆಳಿಗ್ಗೆ ಎಂಟಕ್ಕೆಲ್ಲ ಶೆಡ್ಡಿನ ಮುಂದೆ ಸಾಲು. ಈಗ ಆ ಸಾಲು ಇಲ್ಲ. ಯಾಕಿಲ್ಲ ಎಂದು ನನ್ನ ಬಾಯಿಂದಲೇ ಕೇಳಿ, ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳುತ್ತಾರೆ.

ಇಂಜಿನ್ನಿಂದ ಹೊರಟ ಹೊಗೆ ಹಿಂದಿನ ಪೈಪಿಗೆ ಬರುವ ದಾರಿಯಲ್ಲಿ ಒಂದು ಉಕ್ಕಿನ ಡಬ್ಬಿ ಇರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಅದರ ಪೂರ್ತಿ ಹೆಸರು. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳು. ಹೊಗೆಯಲ್ಲಿರುವ ವಿಷ ಬಹುಪಾಲು ಅಲ್ಲೇ ಸುಟ್ಟುಹೋಗುತ್ತದೆ. ಡಬ್ಬಿಯ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್. ಮುಂದಿನದು ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಇಂಜಿನ್ನಿಗೆ ಹೇಳುತ್ತಿರುತ್ತದೆ. ಹಿಂದಿನದರ ಕೆಲಸ ಡಬ್ಬಿಯನ್ನು ಕಾಯುವುದು. ಡಬ್ಬಿ ಕೆಟ್ಟರೆ ಅದು ಹೋಗಿ ಚಾಡಿ ಹೇಳುತ್ತದೆ, ಲೈಟು ಹತ್ತುತ್ತದೆ.

ನಾನೇನು ಮಾಡುತ್ತಿದ್ದೆ ಅಂದರೆ, ಡಬ್ಬಿಯನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಬರೀ ಪೈಪು ಬೆಸೆಯುತ್ತಿದ್ದೆ. ಹಿಂದಿನ ಸೆನ್ಸರಿನ ಬುಡಕ್ಕೆ ಹೆಬ್ಬೆರಳುದ್ದದ ಒಂದು ಟೊಳ್ಳು ಬೋಲ್ಟು ಹಾಕಿ, ಸೆನ್ಸರನ್ನು ಹೊಗೆಯಿಂದ ದೂರ ಎತ್ತಿ ಕೂರಿಸುತ್ತಿದ್ದೆ. ಆಗ ಅದಕ್ಕೆ ಹೊಗೆ ಸರಿಯಾಗಿ ತಾಗುವುದಿಲ್ಲ. ಎಲ್ಲಾ ಸುಖವಾಗಿದೆ ಎಂದುಕೊಂಡು ತೆಪ್ಪಗಿರುತ್ತದೆ. ಆ ಬೋಲ್ಟನ್ನು ಲೇತಿನಲ್ಲಿ ನಾನೇ ಕಡೆಯುತ್ತಿದ್ದೆ, ಅದಕ್ಕೆ ಟೋಪಿ ಅಂತ ಹೆಸರಿಟ್ಟಿದ್ದೂ ನಾನೇ. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನಾನು ಅವರಿಗಿಂತ ಜಾಸ್ತಿ ನಗುತ್ತಿದ್ದೆ.

ನನ್ನ ಇನ್ನೊಂದು ಖ್ಯಾತಿ ಮೂಗು. ಈ ಕೆಲಸ ಕಲಿಸಿದ್ದು ನನ್ನ ಸೋದರಮಾವ. ಮೀಟರು, ಯಂತ್ರ ಏನೂ ಇಲ್ಲದ ಕಾಲದ ಮನುಷ್ಯ. ಹಿಂದಿನ ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗೈಯಿಂದ ಹೊಗೆಯನ್ನು ಮುಖದ ಕಡೆಗೆ ಬೀಸಿಕೊಂಡು, ಕಣ್ಣು ಮುಚ್ಚಿ ಮೂಸುತ್ತಿದ್ದ. ಸಿಹಿ ವಾಸನೆ ಬಂದರೆ ರೇಡಿಯೇಟರಿನ ನೀರು ಒಳಗೆ ಸೋರುತ್ತಿದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಡಬ್ಬಿ ಹೋಗಿದೆ, ಹಸಿ ಪೆಟ್ರೋಲು ಬಂದರೆ ಪ್ಲಗ್ಗು. ಮೂರೇ ಉಸಿರು, ಮುಗಿಯಿತು. ಆ ವಿದ್ಯೆಯನ್ನು ನಾನು ಅವನಿಗಿಂತ ಚೆನ್ನಾಗಿಯೇ ಕಲಿತೆ, ಜಂಬ ಅಲ್ಲ. ಬೇರೆ ಶೆಡ್ಡುಗಳವರು ಗಾಡಿ ತಂದು "ಒಂದ್ಸಲ ಮೂಸಿ ಹೇಳಿ" ಅನ್ನುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ನನಗೊಂದು ಜ್ವರ ಬಂತು. ಹತ್ತು ದಿನ ಇತ್ತು. ಹೋಗುವಾಗ ಮೂಗನ್ನೂ ತನ್ನ ಜೊತೆಗೇ ಕರೆದುಕೊಂಡು ಹೋಯಿತು. ಮುಖದ ಮೇಲೆ ಇರುವುದು ಇದೆ, ಕನ್ನಡಕ ನಿಲ್ಲಿಸುವುದಕ್ಕೆ ಮಾತ್ರ. ಪೆಟ್ರೋಲಿನ ವಾಸನೆಯಿಲ್ಲ, ಸೋಪಿನದಿಲ್ಲ, ಏನೂ ಇಲ್ಲ. ಹೇಳಿಕೊಂಡರೆ ಮರ್ಯಾದೆ ಹೋಗುತ್ತದಲ್ಲ! ಆದ್ದರಿಂದ ನಾಟಕ ಮುಂದುವರಿಸಿದೆ. ಕುಕ್ಕರಗಾಲು, ಅಂಗೈ, ಮುಚ್ಚಿದ ಕಣ್ಣು, ಎಲ್ಲಾ ಹಾಗೇ. ಮೂಸುವ ಮುಂಚೆ ಗಿರಾಕಿಯನ್ನು "ನಿಮಗೆ ಯಾವ ಥರ ವಾಸನೆ ಅನ್ಸತ್ತೆ?" ಎಂದು ಕೇಳುತ್ತಿದ್ದೆ. ಕೊಳೆತ ಮೊಟ್ಟೆ ಥರ ಅಂದರೆ, ಮೂರು ಉಸಿರೆಳೆದು, "ಹೂಂ, ಕೊಳೆತ ಮೊಟ್ಟೆನೇ" ಅನ್ನುತ್ತಿದ್ದೆ. ಏನು ಮೂಗಪ್ಪಾ ಇವರದು ಎಂದು ಜನ ತಲೆದೂಗುತ್ತಿದ್ದರು.

ಗುಟ್ಟು ಗೊತ್ತಿದ್ದದ್ದು ನನ್ನ ಹೆಂಡತಿಗೆ ಒಬ್ಬಳಿಗೇ. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾಗಿದ್ದಾಗ ನಾನು ಅಲ್ಲೇ ಪಕ್ಕದಲ್ಲಿ ಕೂತು ಪೇಪರು ಓದುತ್ತಿದ್ದೆ. ಅವತ್ತು ಸಿಕ್ಕಿಬಿದ್ದೆ. ಅವಳು ಯಾರಿಗೂ ಹೇಳಲಿಲ್ಲ. ಆದರೆ ಅವತ್ತಿನಿಂದ ಎರಡು ದಿನದ ಹಿಂದಿನ ಪಲ್ಯವನ್ನು ಬಿಸಿ ಮಾಡಿ ನನ್ನ ತಟ್ಟೆಗೇ ಹಾಕುತ್ತಾಳೆ ಎಂಬ ಅನುಮಾನ ನನಗಿದೆ.

ಇನ್ನು ಅಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನು ಎತ್ತಿ ಆಡಿಸಿದ್ದು, ಬಡಿದು ಬುದ್ಧಿ ಕಲಿಸಿದ್ದು ಎಲ್ಲಾ ಅಕ್ಕನೇ. ಮಾವನ ಶೆಡ್ಡಿನ ಹಿಂದಿದ್ದ ತುಕ್ಕು ಹಿಡಿದ ಜೀಪಿನಲ್ಲಿ ಅವಳು ಡ್ರೈವಿಂಗ್ ಕಲಿತಾಗ ಇಡೀ ಓಣಿ ಗೋಡೆಗೆ ಒರಗಿ ನಿಂತು ನೋಡಿತ್ತು. ನಗುವುದಕ್ಕೆ ಬಂದವರು ನಗದೆ ವಾಪಸ್ಸು ಹೋದರು. ಇಪ್ಪತ್ತೆರಡು ವರ್ಷದಿಂದ ಅವಳು ವಯಸ್ಸಾದವರ ಹಗಲು ಕೇಂದ್ರವೊಂದರ ವ್ಯಾನು ಓಡಿಸುತ್ತಿದ್ದಾಳೆ. ಬೆಳಿಗ್ಗೆ ಆರು ಮನೆಯ ಮುಂದೆ ನಿಲ್ಲಿಸಿ ಆರು ಜನರನ್ನು ಹತ್ತಿಸಿಕೊಳ್ಳುವುದು, ಸಂಜೆ ಮನೆ ಸೇರಿಸುವುದು. ಗಂಡ ತೀರಿಕೊಂಡಾಗಲೂ ಹದಿನೈದನೇ ದಿನ ಸ್ಟೀರಿಂಗ್ ಹಿಡಿದವಳು. ಕೆಲಸದ ಬಗ್ಗೆ ಅವಳಿಗಿರುವ ಹೆಮ್ಮೆ ಒಂದೇ: "ಇಪ್ಪತ್ತೆರಡು ವರ್ಷ, ಒಂದು ಗೀರಿಲ್ಲ."

ಹೋದ ವರ್ಷ ಆ ವ್ಯಾನು ಏರಿನಲ್ಲಿ ಎಳೆಯದೆ ತಿಣುಕತೊಡಗಿತು. ನನ್ನ ಹತ್ತಿರ ತಂದಳು. ಡಬ್ಬಿಗೆ ಸುತ್ತಿಗೆಯ ಹಿಡಿಯಿಂದ ಕುಟ್ಟಿದರೆ ಗಲಗಲ ಅಂತು. ಒಳಗಿನ ಜೇನುಗೂಡು ಒಡೆದು ದಾರಿ ಕಟ್ಟಿಕೊಂಡಿತ್ತು. ಹೊಸದು ಹಾಕಬೇಕಿತ್ತು. ನಾನು ಹಾಕಲಿಲ್ಲ.

"ತೆಗೆದುಬಿಟ್ರೆ ಗಾಡಿಗೇನೂ ಆಗಲ್ವೇನೋ?" ಅಂದಳು ಅಕ್ಕ.

"ಅಯ್ಯೋ, ಕಂಪನಿಯವರು ಸುಮ್ನೆ ಸಿಕ್ಕಿಸಿರ್ತಾರೆ ಅಕ್ಕ. ನೀನು ನೋಡ್ತಿರು, ಗಾಡಿ ಹೆಂಗೆ ಹಾರತ್ತೆ!"

ಪೈಪು ಬೆಸೆದೆ, ಟೋಪಿ ಹಾಕಿದೆ. ಒಂದೇ ಒಂದು ತೊಡಕಾಯಿತು. ಪೈಪಿನ ಅಡಿಯಲ್ಲಿ ಟೋಪಿಯ ತುದಿಗೆ ಕೂತ ಸೆನ್ಸರು ಇನ್ನಷ್ಟು ಕೆಳಗೆ ಇಳಿದದ್ದರಿಂದ ಅದರ ವೈರು ಎರಡು ಬೆರಳು ಗಿಡ್ಡವಾಯಿತು. ಆ ವೈರು ಡ್ರೈವರ್ ಸೀಟಿನ ಕೆಳಗೆ ನೆಲದ ತೂತಿನಿಂದ ಇಳಿಯುತ್ತದೆ, ತೂತಿಗೆ ದಪ್ಪ ರಬ್ಬರಿನ ಬಿರಡೆ ಇರುತ್ತದೆ. ಬಿರಡೆ ಕಿತ್ತು ಬಿಸಾಕಿ ವೈರನ್ನು ಎಳೆದುಕೊಂಡೆ. ಸರಿಹೋಯಿತು. ನೆಲಹಾಸು ಮುಚ್ಚಿದ ಮೇಲೆ ಯಾರಿಗೆ ಕಾಣಬೇಕು? ಗಾಡಿ ನಿಜವಾಗಿಯೂ ಹಾರಿತು. ಅಕ್ಕ ನನ್ನ ಬೆನ್ನಿಗೊಂದು ಗುದ್ದಿ, "ಪರವಾಗಿಲ್ಲ ಕಣೋ ನೀನು" ಅಂದಳು. ಅವಳಿಂದ ಅಷ್ಟು ಮಾತು ಸಿಗುವುದೆಂದರೆ ಸಾಮಾನ್ಯವೇ? ನಾನು ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಚಳಿ ಶುರುವಾದ ಮೇಲೆ ಒಂದು ದಿನ ಅಕ್ಕ ಶೆಡ್ಡಿಗೆ ಬಂದಳು. "ಗಾಡಿ ಒಳಗೆ ಏನೋ ವಾಸನೆ ಕಣೋ. ಅವರೆಲ್ಲ ಚಳಿ ಅಂತ ಕಿಟಕಿ ಹಾಕಿಸ್ತಾರೆ. ಆಮೇಲೆ ಒಂಥರಾ ಅನ್ಸತ್ತೆ. ಒಂಚೂರು ನೋಡು."

ಬೇರೆ ಗಿರಾಕಿಯಾಗಿದ್ದರೆ ಯಾವ ಥರ ವಾಸನೆ ಎಂದು ಕೇಳಿ ಅವರ ಮಾತನ್ನೇ ಅವರಿಗೆ ಒಪ್ಪಿಸುತ್ತಿದ್ದೆ. ಇದು ನನ್ನದೇ ಕೈಕೆಲಸ. ನನ್ನ ಕೆಲಸದಲ್ಲಿ ವಾಸನೆಯೇ? ಮೂಗಿನ ತುದಿಗೇ ಬಂತು ಕೋಪ. ಒಳಗೆ ಹತ್ತಿ ಕೂತು, ಕಣ್ಣು ಮುಚ್ಚಿ, ಮೂರು ಉಸಿರು ಎಳೆದೆ. ಗಾಳಿ ಬಂತು, ಗಾಳಿ ಹೋಯಿತು.

"ಏನೂ ಇಲ್ಲ ಅಕ್ಕ. ನಿನ್ನ ಭ್ರಮೆ."

"ನಿಜವಾಗ್ಲೂ?"

"ನನ್ನ ಮೂಗನ್ನೇ ನಂಬಲ್ವಾ?"

ನಂಬಿದಳು. ಅದೇ ಆದದ್ದು ನೋಡಿ. ತನ್ನ ಮೂಗನ್ನು ಬಿಟ್ಟು ನನ್ನದನ್ನು ನಂಬಿದಳು.

ಆಮೇಲೆ ಅವಳಿಗೆ ತಲೆನೋವು ಹಿಡಿಯಿತು. ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ರಾತ್ರಿ ಊಟದ ಹೊತ್ತಿಗೆ ಬಿಡುತ್ತಿತ್ತು. ಭಾನುವಾರ ಬರುತ್ತಿರಲಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸಿ ಕನ್ನಡಕ ಬದಲಿಸಿದಳು. ದಿಂಬು ಬದಲಿಸಿದಳು. ಕಾಫಿ ಬಿಟ್ಟಳು, ಮತ್ತೆ ಹಿಡಿದಳು. ವ್ಯಾನಿನಲ್ಲಿ ಮಾತ್ರ ಎಲ್ಲರೂ ತಣ್ಣಗೆ ನಿದ್ದೆ ಮಾಡುತ್ತಿದ್ದರಂತೆ. "ಮೊದಲು ಒಬ್ರ ಜೊತೆ ಒಬ್ರು ಜಗಳ ಆಡ್ಕೊಂಡು ಬರೋರು. ಈಗ ಹತ್ತಿ ಹತ್ತು ನಿಮಿಷಕ್ಕೆ ಎಲ್ಲಾ ಗೊರಕೆ. ಅಷ್ಟು ನಯವಾಗಿ ಓಡಿಸ್ತೀನಿ ನೋಡು" ಎಂದು ಅಕ್ಕ ಹೇಳಿಕೊಂಡಳು. ಗಾಡಿ ರೆಡಿ ಮಾಡಿದ್ದು ಯಾರು ಎಂದು ನಾನೂ ಕಾಲರ್ ಎತ್ತಿಕೊಂಡೆ. ಇಪ್ಪತ್ತಾರು ವರ್ಷ ಹೊಗೆಯ ಜೊತೆ ಬಾಳಿದ ಮೆಕ್ಯಾನಿಕ್ಕು ನಾನು! ಕಿಟಕಿ ಮುಚ್ಚಿದ ಗಾಡಿಯಲ್ಲಿ ಜನ ತೂಕಡಿಸಿ ಬೀಳುತ್ತಿದ್ದಾರೆ ಅಂದರೆ ಏನು ಎಂದು ನನಗೆ ಹೊಳೆಯಲಿಲ್ಲ. ನನ್ನ ತಲೆ ಎನ್ನುವುದು ಹೆಲ್ಮೆಟ್ ಹಾಕುವುದಕ್ಕಷ್ಟೇ ಇರುವುದು.

ಒಂದು ಸಂಜೆ ಅಕ್ಕ ನಮ್ಮ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತುಬಿಟ್ಟಳು. ವ್ಯಾನಿನ ಆರು ಜನರಲ್ಲಿ ಒಬ್ಬರಾದ ಟೀಚರಮ್ಮನ ಮನೆ ಬಂದರೂ ನಿಲ್ಲಿಸದೆ ಹಾದುಹೋಗಿದ್ದಳಂತೆ. ಎರಡು ರಸ್ತೆ ಆಚೆ ಹೋದ ಮೇಲೆ, ತಾನು ಎಲ್ಲಿದ್ದೇನೆ ಎಂದೇ ಗೊತ್ತಾಗದೆ ಗಾಡಿ ನಿಲ್ಲಿಸಿಕೊಂಡು ಕೂತಿದ್ದಳಂತೆ. ಅದಕ್ಕೂ ಹಿಂದಿನ ವಾರ ಸಿಗ್ನಲ್ಲಿನಲ್ಲಿ ಪಕ್ಕದ ಸಾಲಿಗೆ ನುಗ್ಗಿದ್ದಳಂತೆ, ಬಸ್ಸಿನವನು ಬ್ರೇಕು ಹಾಕಿದ್ದರಿಂದ ಬಚಾವು.

"ಯಾರನ್ನಾದ್ರೂ ಸಾಯಿಸ್ಬಿಡ್ತೀನಿ ಕಣೋ" ಎಂದು ಅತ್ತಳು. ಅಕ್ಕ ಅಳುವುದನ್ನು ನಾನು ನೋಡಿದ್ದು ಅದು ಎರಡನೇ ಸಲ. "ನನ್ನ ತಲೇಲಿ ಏನೋ ಆಗಿದೆ."

ನಾನು ಸಮಾಧಾನ ಮಾಡಿದೆ. ಏನೆಂದು? "ವಯಸ್ಸಾಯ್ತಲ್ಲಕ್ಕಾ, ಎಲ್ಲರಿಗೂ ಆಗತ್ತೆ."

ಮಾರನೆಯ ದಿನ ಅವಳು ಕೇಂದ್ರದ ಮ್ಯಾನೇಜರ್ ಮೇಡಂಗೆ ರಾಜೀನಾಮೆ ಪತ್ರ ಕೊಟ್ಟಳು. ತಿಂಗಳ ಕೊನೆಯ ಶುಕ್ರವಾರ ಕೊನೆಯ ದಿನ. ಹೊಸ ಡ್ರೈವರೂ ಗೊತ್ತಾದ. ಅಕ್ಕನ ಮಾತಿನಲ್ಲಿ ಜೋರೇ ಇಲ್ಲದಂತಾಯಿತು. ಏನು ಕೇಳಿದರೂ "ಹೂಂ" ಅನ್ನುತ್ತಿದ್ದಳು. ಬೈಯುವುದನ್ನೂ ಬಿಟ್ಟುಬಿಟ್ಟಳು, ಅದೇ ನನಗೆ ಹೆದರಿಕೆಯಾದದ್ದು.

ಕೊನೆಯ ದಿನಕ್ಕೆ ಆರು ದಿನ ಮುಂಚೆ, ಶನಿವಾರ ಮಧ್ಯಾಹ್ನ, ಅಕ್ಕ ವ್ಯಾನು ತಂದು ಶೆಡ್ಡಿನಲ್ಲಿ ಬಿಟ್ಟಳು. "ಹೊಸಬನ ಕೈಗೆ ಹೋಗತ್ತೆ, ಚೆನ್ನಾಗಿ ನೋಡಿ ಕೊಡು. ನಾಳೆ ಸಂಜೆ ಬರ್ತೀನಿ" ಎಂದು ನಡೆದೇ ಹೋದಳು. ನಾನು ಒಂದು ಸುತ್ತು ಓಡಿಸಿ ನೋಡೋಣ ಎಂದು ಹೊರಟೆ. ದರ್ಜಿಯ ಅಂಗಡಿಗೆ ಹೋಗಬೇಕಿದ್ದ ಹೆಂಡತಿ ಪಕ್ಕದಲ್ಲಿ ಹತ್ತಿ ಕೂತಳು. ತಣ್ಣನೆ ಗಾಳಿ ಬೀಸುತ್ತಿತ್ತು, ಗಾಜು ಏರಿಸಿದೆವು.

ಸೇತುವೆ ದಾಟುವಷ್ಟರಲ್ಲಿ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. "ರೀ, ಗಾಡಿ ನಿಲ್ಸಿ."

"ಯಾಕೆ?"

"ನಿಲ್ಸಿ ಅಂದ್ನಲ್ಲ! ಹೊಗೆ ವಾಸನೆ. ತಲೆ ತಿರುಗ್ತಿದೆ ನಂಗೆ."

ನಿಲ್ಲಿಸಿದೆ. ಅವಳು ಬಾಗಿಲು ತೆಗೆದು ಕಾಲು ಹೊರಗೆ ಹಾಕಿ ಕೂತು ಉಸಿರೆಳೆದುಕೊಂಡಳು. ಆಮೇಲೆ ನಿಧಾನವಾಗಿ ತಿರುಗಿ ನೋಡಿದಳು.

"ಅಕ್ಕ ಇದನ್ನ ನಿಮಗೆ ಹೇಳ್ಲೇ ಇಲ್ವಾ?"

"ಹೇಳಿದ್ಲು."

"ನೀವೇನಂದ್ರಿ?"

ನಾನು ಕೀ ತಿರುಗಿಸಿ ಇಂಜಿನ್ ಆರಿಸಿದೆ.

"ಮೂಸಿ ನೋಡಿದ್ರಾ?" ಅಂದಳು. "ನೀವು? ಮೂಸಿ?"

ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಬೈಯದ ಬೈಗುಳವಿಲ್ಲ. ಅವತ್ತು ಮಾತ್ರ ಒಂದನ್ನೂ ಬಳಸಲಿಲ್ಲ. ಕೆಳಗಿಳಿದು, ದರ್ಜಿಯ ಅಂಗಡಿಗೂ ಹೋಗದೆ, ಮನೆ ಕಡೆಗೆ ನಡೆದಳು.

ಭಾನುವಾರ ಬೆಳಿಗ್ಗೆ ವ್ಯಾನನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ ಕೆಳಗೆ ನುಸುಳಿದೆ. ಇಂಜಿನ್ ಚಾಲೂ ಮಾಡಿ ಹಿಂದಿನ ಪೈಪಿಗೆ ಬಟ್ಟೆ ತುರುಕಿ, ಪೈಪಿನುದ್ದಕ್ಕೂ ಸೋಪಿನ ನೀರು ಚಿಮುಕಿಸಿದೆ. ಹುಡುಕಬೇಕಾದ್ದೇ ಇರಲಿಲ್ಲ. ನಾನು ಬೆಸೆದ ಜಾಗದಲ್ಲೇ ಬುರುಬುರು ನೊರೆ ಎದ್ದಿತು. ಬೆರಳುದ್ದದ ಸೀಳು, ಸುತ್ತ ಕಪ್ಪು ಮಸಿ. ಅದರ ನೆತ್ತಿಯ ಮೇಲೆ ಸರಿಯಾಗಿ ನಾನು ಬಿರಡೆ ಕಿತ್ತ ತೂತು. ತೂತಿನ ಮೇಲೆ ಅಕ್ಕನ ಸೀಟು. ಡಬ್ಬಿ ಇದ್ದಿದ್ದರೆ ಆ ಬೆಸುಗೆಯೇ ಇರುತ್ತಿರಲಿಲ್ಲ, ಟೋಪಿ ಇಲ್ಲದಿದ್ದರೆ ಆ ತೂತು ತೆರೆಯುತ್ತಿರಲಿಲ್ಲ. ಹಿಂದಿನ ಪೈಪಿನಿಂದ ಹೊರಹೋಗಬೇಕಾದ ಹೊಗೆಯನ್ನು ಕೊಳವೆ ಇಟ್ಟು ಅಕ್ಕನ ಉಸಿರಿಗೆ ಕೊಟ್ಟಿದ್ದೆ. ಆರು ಜನ ಮುದುಕರು, ಮುಚ್ಚಿದ ಕಿಟಕಿ, ಸಿಗ್ನಲ್ಲು, ಬಸ್ಸು. ದೇವರೇ, ಯಾರೂ ಸಾಯಲಿಲ್ಲವಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಸೋಪಿನ ನೀರು ಕಣ್ಣಿಗೆ ತೊಟ್ಟಿಕ್ಕಿ ಇನ್ನಷ್ಟು ಉರಿಯಿತು.

ಹೊಸ ಡಬ್ಬಿ ತಂದು ಹಾಕಿದೆ. ಟೋಪಿ ಬಿಚ್ಚುವುದಕ್ಕೆ ಮಾತ್ರ ಎರಡು ಗಂಟೆ ಹಿಡಿಯಿತು. ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಎಣ್ಣೆ ಬಿಟ್ಟು, ಕಾಯಿಸಿ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ನೇತಾಡಿದ ಮೇಲೆ ಬಿಟ್ಟಿತು. ಹೊಸ ಸೆನ್ಸರನ್ನು ಅದರ ಸ್ವಂತ ಜಾಗದಲ್ಲಿ ಕೂರಿಸಿದೆ, ತೂತಿಗೆ ಹೊಸ ಬಿರಡೆ ಬಿಗಿದೆ. ಸಂಜೆ ಹೆಂಡತಿಯನ್ನು ಕರೆದು ಗಾಜು ಏರಿಸಿ ಕೂರಿಸಿದೆ. ಇಪ್ಪತ್ತು ನಿಮಿಷ ಓಡಾಡಿಸಿದ ಮೇಲೆ, "ಈಗ ಇಲ್ಲ" ಅಂದಳು. ಶನಿವಾರದಿಂದ ಅವಳು ನನ್ನ ಜೊತೆ ಆಡಿದ ಮೊದಲ ಮಾತು. ಎರಡನೆಯದು, "ಅಕ್ಕನಿಗೆ ಯಾವಾಗ ಹೇಳ್ತೀರ?"

"ರಿಪೇರಿ ಆಯ್ತಲ್ಲ. ತಲೆನೋವು ಹೋದ್ರೆ ಅವಳೇ ರಾಜೀನಾಮೆ ವಾಪಸ್ ತಗೋತಾಳೆ. ಸುಮ್ನೆ ಯಾಕೆ..."

"ಥೂ" ಅಂದಳು.

ನನ್ನ ಲೆಕ್ಕ ನೋಡಿ ಹೇಗಿತ್ತು! ಅಕ್ಕ ವ್ಯಾನು ಒಯ್ಯಲು ಬಂದಾಗ ಕೀ ಮಾತ್ರ ಕೊಟ್ಟು, ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡು ಕಾದೆ. ಬುಧವಾರ ಅಕ್ಕ ಬಂದಳು. ಮುಖದಲ್ಲಿ ಕಳೆ ಇತ್ತು. ನನ್ನ ಎದೆ ಹಗುರಾಯಿತು.

"ತಲೆನೋವು ಮಾಯ ಕಣೋ!" ಅಂದಳು. "ಮೂರು ದಿನದಿಂದ ಇಲ್ಲವೇ ಇಲ್ಲ. ಕೆಲಸ ಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇ ತಡ, ತಲೆ ಹಗುರ ಆಗೋಯ್ತು. ನಾನು ಮಾಡಿದ್ದೇ ಸರಿ. ಇನ್ನೊಂದು ಏನು ಗೊತ್ತಾ? ಈಗ ಗಾಡೀಲಿ ಯಾರೂ ನಿದ್ದೆ ಮಾಡಲ್ಲ. ಎಲ್ಲಾ ಕಣ್ಣು ಬಿಟ್ಕೊಂಡು ವಟವಟ. ಟೀಚರಮ್ಮಂತೂ ನಿನ್ನೆ ದಾರೀಲಿರೋ ಬೋರ್ಡೆಲ್ಲ ಜೋರಾಗಿ ಓದ್ಕೊಂಡು ಬಂದ್ರು. ನನ್ನ ಕೈಯಲ್ಲಿದ್ದ ನಯ ಹೋಯ್ತು. ಗೊತ್ತಾಗತ್ತೆ ನಂಗೆ."

ನನಗೆ ನಗು ಬಂತು. ಈಗಲಾದರೂ ಹೇಳಿಬಿಡೋಣ ಎಂದುಕೊಂಡೆ. ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು, "ಲೈಟ್ ಡಾಕ್ಟ್ರೇ" ಎಂದ. ಬಾಯಿ ಮುಚ್ಚಿದೆ. ಅಂಥ ವೀರ ನಾನು.

ಗುರುವಾರ ಸಂಜೆ ಹೆಂಡತಿ ನನ್ನ ಚಪ್ಪಲಿಯನ್ನು ಬಾಗಿಲ ಹೊರಗಿಟ್ಟು, "ಹೇಳಿ ಬಂದ್ರೆ ಊಟ" ಅಂದಳು. ಅಕ್ಕನ ಮನೆಗೆ ಹೋದೆ. ಅವಳು ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು, ಕೇಂದ್ರಕ್ಕೆ ವಾಪಸ್ಸು ಕೊಡಬೇಕಾದ ಎರಡು ನೀಲಿ ಯೂನಿಫಾರ್ಮ್ ಶರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಒಂದರ ಗುಂಡಿ ಹೋಗಿತ್ತು, ಹೊಸ ಗುಂಡಿ ಹೊಲಿದಿದ್ದಳು. ಇನ್ಯಾರೋ ಹಾಕಿಕೊಳ್ಳುವ ಶರ್ಟಿಗೆ.

"ಅಕ್ಕ, ನಿನ್ನ ತಲೇಲಿ ಏನೂ ಆಗಿಲ್ಲ" ಎಂದೆ.

"ಅದೇ ಹೇಳಿದ್ನಲ್ಲ, ಈಗ ಹೋಯ್ತು."

"ಹೋಗಿಲ್ಲ. ಇರಲೇ ಇಲ್ಲ. ಗಾಡೀಲಿ ಹೊಗೆ ಬರ್ತಿತ್ತು. ವಿಷದ ಹೊಗೆ. ನಾನು ಬೆಸೆದಿದ್ದು ಬಿಟ್ಕೊಂಡಿತ್ತು. ನೆಲದ ಬಿರಡೆ ನಾನೇ ಕಿತ್ತಿದ್ದೆ. ಭಾನುವಾರ ಸರಿ ಮಾಡ್ದೆ, ಸೋಮವಾರದಿಂದ ನಿನ್ನ ತಲೆನೋವು ಹೋಯ್ತು, ಅವರೆಲ್ಲ ಎದ್ದು ಕೂತ್ರು. ಅವರು ನಿದ್ದೆ ಮಾಡ್ತಿರ್ಲಿಲ್ಲ ಅಕ್ಕ."

ಇಸ್ತ್ರಿಪೆಟ್ಟಿಗೆ ಶರ್ಟಿನ ಮೇಲೇ ನಿಂತಿತು. ನಾನೇ ಎತ್ತಿ ಪಕ್ಕಕ್ಕಿಟ್ಟೆ.

"ನಾನು ನಿನ್ನ ಹತ್ರ ಬಂದಿದ್ದೆ" ಅಂದಳು ಅಕ್ಕ. "ವಾಸನೆ ಅಂದಿದ್ದೆ."

"ಹೂಂ."

"ನೀನು ಮೂಸಿ ನೋಡ್ದೆ."

"ನಂಗೆ ಮೂಗಿಲ್ಲ ಅಕ್ಕ. ಆ ಜ್ವರ ಬಂದಿತ್ತಲ್ಲ, ಆವಾಗ್ಲಿಂದ. ಒಂಬತ್ತು ವರ್ಷದಿಂದ ನಾಟಕ ಮಾಡ್ತಿದೀನಿ."

ಹೊಡೆಯಲಿ ಎಂದು ಕಾದೆ, ಹೊಡೆಯಲಿಲ್ಲ.

"ನಂಗೆ ವಾಸನೆ ಬಂದಿತ್ತು ಕಣೋ" ಎಂದಳು. "ನಿಜವಾಗಿ ಬಂದಿತ್ತು. ನೀನು ಇಲ್ಲ ಅಂದೆ. ಆಮೇಲೆ ನನ್ನ ಮೂಗಿನ ಮೇಲೆ, ಕಣ್ಣಿನ ಮೇಲೆ, ಕೈಕಾಲಿನ ಮೇಲೆ, ಯಾವುದರ ಮೇಲೂ ನಂಗೆ ನಂಬಿಕೆ ಉಳೀಲಿಲ್ಲ. ನಿನ್ನ ಬಾಗಿಲಲ್ಲಿ ಕೂತು ಅತ್ತೆನಲ್ಲ, ಆವಾಗ್ಲೂ ನೀನು..."

"ಗೊತ್ತಿರ್ಲಿಲ್ಲ ಅಕ್ಕ, ಆಣೆಗೂ."

"ಮೂಗಿಲ್ಲ ಅಂತ ಗೊತ್ತಿತ್ತಲ್ಲ?"

ಅಕ್ಕ ಎದ್ದು ಇಸ್ತ್ರಿಯ ಸ್ವಿಚ್ಚು ಆರಿಸಿದಳು. "ನಾಳೆ ಬೆಳಿಗ್ಗೆ ಏಳಕ್ಕೆ ಬಾ. ನನ್ನ ಪಕ್ಕದಲ್ಲಿ ಕೂತ್ಕೊ. ನಂಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳು. ಒಂದಕ್ಷರ ಬಿಡಬೇಡ" ಅಂದಳು.

ಶುಕ್ರವಾರ, ಅವಳ ಕೊನೆಯ ದಿನ, ವ್ಯಾನಿನಲ್ಲಿ ಹಿಂದಕ್ಕೆ ತಿರುಗಿ ಕೂತು ಎಲ್ಲಾ ಹೇಳಿದೆ. ಡಬ್ಬಿ, ಟೋಪಿ, ಬಿರಡೆ, ಮೂಗು. ಹಿಂದಿನ ಸೀಟಿನ ಮುದುಕರೊಬ್ಬರು ಕೋಲು ಎತ್ತಿ, "ಇಳಿಸ್ರೀ ಇವನನ್ನ, ಇಲ್ಲೇ ಇಳಿಸ್ರೀ" ಎಂದು ಕೂಗಾಡಿದರು. ಇನ್ನೊಬ್ಬರು ತಮಗಂತೂ ಏನೂ ಆಗಿಲ್ಲ, ನಿದ್ದೆ ಸೊಗಸಾಗಿತ್ತು ಅಂದರು. ಕೇಂದ್ರ ತಲುಪಿದ ಕೂಡಲೇ ಅಕ್ಕ ಎಲ್ಲರನ್ನೂ ನರ್ಸಿನ ಕೋಣೆಗೆ ಕಳಿಸಿ, ತಾನೂ ಪರೀಕ್ಷೆ ಮಾಡಿಸಿಕೊಂಡಳು. ಡಾಕ್ಟರು ಬಂದು ನೋಡಿ, ಯಾರಿಗೂ ಅಪಾಯ ಉಳಿದಿಲ್ಲ ಎಂದರು. ನನ್ನ ಕಡೆ ಅವರು ನೋಡಿದ ನೋಟ ಮಾತ್ರ ವಾಸಿಯಾಗುವಂಥದ್ದಲ್ಲ.

ಟೀಚರಮ್ಮ ನರ್ಸಿನ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ದಿನಾ ಸಂಜೆ ನಾನು ಮನೆಗೆ ಹೋದಾಗ ಮಂಕಾಗಿರ್ತಿದ್ದೆ. ಏನು ಕೇಳಿದ್ರೂ ಏನೋ ಹೇಳ್ತಿದ್ದೆ. ಒಲೆ ಹಚ್ಚಿ ಮರೆತೆ. ಮಗಳು ಅಡುಗೆಮನೆಗೆ ಬೀಗ ಹಾಕಿದಾಳೆ. ಮನೆ ಬೀಗದ ಕೈ ಕಿತ್ಕೊಂಡಿದಾಳೆ. ಅವಳ ತಪ್ಪಿಲ್ಲಪ್ಪ, ನಾನೂ ಒಪ್ಕೊಂಡಿದ್ದೆ, ನನ್ನ ಕಾಲ ಆಯ್ತು ಅಂತ." ಅವರು ಕೈಚೀಲದಿಂದ ಒಂದು ಪೆನ್ನು ತೆಗೆದರು. "ನನ್ನ ಬಾಯಲ್ಲಿ ಹೇಳಿದ್ರೆ ನಂಬಲ್ಲ. ನೀನು ಬರೆದು ಕೊಡು."

ಜೇಬಿನಲ್ಲಿ ಇದ್ದದ್ದು ಶೆಡ್ಡಿನ ಬಿಲ್ಲು ಪುಸ್ತಕ. ಅದರ ಒಂದು ಹಾಳೆಯಲ್ಲಿ ಬರೆದೆ: ಇವರ ಮರೆವು ಇವರದಲ್ಲ, ವ್ಯಾನಿನ ಹೊಗೆಯಿಂದ ಆದದ್ದು, ಆ ತಪ್ಪು ನನ್ನದು. ಸಹಿ ಹಾಕಿದೆ. ಬೆವರಿಗೆ ಹಾಳೆ ಒದ್ದೆಯಾಯಿತು. ಟೀಚರಮ್ಮ ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. ನನ್ನ ತಲೆಯನ್ನು ಸವರಬಹುದು ಎಂದು ಆಸೆಪಟ್ಟೆ. ಅವರು ಎದ್ದು ಹೋದರು.

ಅಕ್ಕ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಇಸ್ತ್ರಿ ಮಾಡಿದ ಎರಡು ಶರ್ಟು ಒಂದು ಕವರಿನಲ್ಲಿ ಅವಳ ಕಂಕುಳಲ್ಲಿತ್ತು. ಎದುರಿಗೆ ಮ್ಯಾನೇಜರ್ ಮೇಡಂ ಕೋಣೆ, ಬಾಗಿಲು ತೆರೆದಿತ್ತು. ಒಳಗೆ ಹೊಸ ಡ್ರೈವರು ಕುರ್ಚಿಯ ತುದಿಯಲ್ಲಿ ಕೂತಿದ್ದ.

"ನಂಗೂ ಒಂದು ಬರ್ಕೊಡು" ಅಂದಳು ಅಕ್ಕ.

ಇನ್ನೊಂದು ಹಾಳೆ ಹರಿದೆ. ಮೊದಲ ಸಾಲನ್ನು ಎರಡು ಸಲ ಹೊಡೆದು ಹಾಕಿದೆ. ಕೊನೆಗೆ, "ನನ್ನ ಅಕ್ಕನ ಕಣ್ಣು, ಕೈ, ತಲೆ ಎಲ್ಲಾ ಸರಿಯಾಗಿವೆ. ಆದ ತಪ್ಪೆಲ್ಲ ಮೆಕ್ಯಾನಿಕ್ಕಿನದು" ಎಂದು ಬರೆದು ಕೈಗೆ ಕೊಟ್ಟೆ. ಅವಳು ಕನ್ನಡಕ ಏರಿಸಿ ಓದಿದಳು. ಹಾಳೆಯನ್ನು ನನಗೇ ವಾಪಸ್ಸು ಚಾಚಿದಳು.

"ಅಕ್ಕ ಅಂತ ಯಾಕೆ ಬರ್ದೆ? ಅದನ್ನ ಹೊಡಿ" ಅಂದಳು. "ಡ್ರೈವರ್ ಅಂತ ಬರಿ."